ಬೆಚ್ಚಗಿರಬೇಕಾದ ಪೆಟ್ಟಿಗೆ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಾರೆ. ಹಾಗೆ ಕರೆಯುವ ಹಕ್ಕು ನಿಜಕ್ಕೂ ಇರುವುದು ಮೈದುನ ಒಬ್ಬನಿಗೆ. ಆದರೆ ಅವನು ಮೇಣದ ಮೇಜಿನಿಂದ ಹೊತ್ತುಹೊತ್ತಿಗೂ ‘ಅತ್ತಿಗೇ’ ಎಂದು ಕೂಗುವುದನ್ನು ಕೇಳಿ ಕೇಳಿ, ತಯಾರಾದ ಹಲ್ಲಿನ ಡಬ್ಬಿ ಒಯ್ಯಲು ಬರುವವರೂ ಫೋನಿನಲ್ಲಿ ಮಾತಾಡುವ ಹಲ್ಲಿನ ಡಾಕ್ಟರುಗಳೂ ಅದನ್ನೇ ಹಿಡಿದುಕೊಂಡರು. ತಲೆ ಪೂರ್ತಿ ನರೆತ ಡಾಕ್ಟರೊಬ್ಬರು ‘ಅತ್ತಿಗೆಯವರೇ, ನನ್ನ ಕ್ಯಾಪು ಎಲ್ಲಿಗೆ ಬಂತು?’ ಎಂದು ಕೇಳಿದಾಗ ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ.

ಅದು ಹಲ್ಲು ಮಾಡುವ ಲ್ಯಾಬು. ಡಾಕ್ಟರುಗಳು ರೋಗಿಯ ಬಾಯಿಯ ಅಳತೆ ಕಳಿಸುತ್ತಾರೆ, ಇಲ್ಲಿ ಹಲ್ಲಿನ ಕ್ಯಾಪು, ಸೆಟ್ಟು ತಯಾರಾಗಿ ವಾಪಸು ಹೋಗುತ್ತವೆ. ಇರುವುದು ಎರಡೇ ಕೋಣೆ. ಹಿಂದಿನ ಕೋಣೆಯಲ್ಲಿ ಮಾವ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಾರೆ, ಮೈದುನ ಮೇಣದಲ್ಲಿ ಹಲ್ಲು ಕೆತ್ತುತ್ತಾನೆ, ಮೂಲೆಯಲ್ಲಿ ಹಲ್ಲು ಸುಡುವ ಒಲೆ. ಈಚೆಗೆ ಒಲೆಯ ಪಕ್ಕದಲ್ಲಿ ಕಂಪ್ಯೂಟರ್ ಚಿತ್ರ ನೋಡಿ ತಾನೇ ಅಚ್ಚು ಮಾಡುವ ಒಂದು ಯಂತ್ರವೂ ಬಂದು ಕೂತಿದೆ. ಮುಂದಿನ ಕೋಣೆ ಅತ್ತಿಗೆಯದು. ಪ್ಯಾಕಿಂಗ್ ಮೇಜು, ಬಿಲ್ಲು ಮಾಡುವ ಕಂಪ್ಯೂಟರು, ಗೋಡೆಯುದ್ದಕ್ಕೂ ಮರದ ಡ್ರಾಯರುಗಳ ಕಪಾಟು. ಒಬ್ಬೊಬ್ಬ ಡಾಕ್ಟರಿಗೂ ಒಂದೊಂದು ಡ್ರಾಯರು. ಅವಳ ಗಂಡ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಪ್ಲಾಸ್ಟರ್ ಧೂಳು ಅವನಿಗೆ ಆಗಿಬರುವುದಿಲ್ಲವೆಂದು ಚಿಕ್ಕಂದಿನಲ್ಲೇ ಲ್ಯಾಬಿನಿಂದ ತಪ್ಪಿಸಿಕೊಂಡವನು, ಮದುವೆಯಾದ ಮೇಲೆ ತನ್ನ ಪಾಲಿನ ಕೆಲಸವನ್ನು ಹೆಂಡತಿಯ ಹೆಗಲಿಗೆ ದಾಟಿಸಿ ನಿಶ್ಚಿಂತನಾದ.

ಕಪಾಟಿನ ವಿಷಯದಲ್ಲಿ ಮಾವನದು ಒಂದೇ ಮಾತು. “ಕೆಲಸ ನಮ್ಮದು, ಹಲ್ಲು ಅವರದು.” ಒಬ್ಬ ಡಾಕ್ಟರ ಡಬ್ಬಿಯನ್ನು ಇನ್ನೊಬ್ಬ ಡಾಕ್ಟರ ಕಡೆಯವರ ಎದುರು ತೆರೆಯುವಂತಿಲ್ಲ. ಯಾರ ಬಾಯಲ್ಲಿ ಎಷ್ಟು ಹಲ್ಲು ಸ್ವಂತದ್ದು, ಎಷ್ಟು ಕೊಂಡದ್ದು ಎಂಬುದು ಆ ಕೋಣೆ ದಾಟಿ ಹೋಗುವಂತಿಲ್ಲ.

ಆ ನೇಮವನ್ನು ಮುರಿದದ್ದು ಮೈದುನನ ಹೆಬ್ಬೆರಳು. ಬಾಯಿಯ ಅಳತೆ ಈಗ ಅಚ್ಚಿನ ಮುದ್ದೆಯಲ್ಲಿ ಒತ್ತಿ ಬರುವುದು ಕಡಿಮೆಯಾಗಿ, ಸ್ಕ್ಯಾನ್ ಫೈಲಿನ ರೂಪದಲ್ಲಿ, ರೋಗಿಯ ಫೋಟೋದೊಂದಿಗೆ ಫೋನಿಗೇ ಬರುತ್ತಿತ್ತು. ಒಂದು ದಿನ ಅವನು ಊಟದ ಕೈಯಲ್ಲೇ ಫೋನು ಒತ್ತಿ, ನಾಲ್ಕು ಶಾಖೆಗಳಿದ್ದ ದೊಡ್ಡ ಕ್ಲಿನಿಕ್ಕಿನ ರೋಗಿಯೊಬ್ಬಳ ನಗುಮುಖವನ್ನು ಅದೇ ಬೀದಿಯ ಇನ್ನೊಬ್ಬ ಡಾಕ್ಟರಿಗೆ ಕಳಿಸಿಬಿಟ್ಟ. ಆ ಡಾಕ್ಟರು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆತ ಕ್ಲಿನಿಕ್ಕಿಗೆ ಫೋನು ಮಾಡಿ, ‘ನಿಮ್ಮ ಪೇಷೆಂಟು ನನ್ನ ಹತ್ತಿರ ಬಂದಿದ್ದಾರೆ, ಫೋನಿನಲ್ಲಿ’ ಎಂದು ತಮಾಷೆ ಮಾಡಿದ.

ಕ್ಲಿನಿಕ್ಕಿನವರಿಗೆ ಅದು ತಮಾಷೆಯಾಗಿ ಕಾಣಲಿಲ್ಲ. ಮೂರನೇ ದಿನ ಅಲ್ಲಿನ ಕಂಪ್ಯೂಟರ್ ವಿಭಾಗದ ಮೇಡಂ ಫೋನು ಮಾಡಿದರು. ಇನ್ನು ಮೇಲೆ ಫೋನಿಗೆ ಏನೂ ಬರುವುದಿಲ್ಲ. ಲ್ಯಾಬಿನವರು ತಮ್ಮದೇ ಸರ್ವರು, ಅಂದರೆ ಫೈಲುಗಳಿಗೆಂದೇ ಒಂದು ಕಂಪ್ಯೂಟರು, ಇಡಬೇಕು. ಫೈಲುಗಳು ಬೀಗ ಹಾಕಿದ ದಾರಿಯಲ್ಲಿ ಬಂದು ಬೀಗ ಹಾಕಿದ ಕೋಣೆ ಸೇರಬೇಕು. ಒಬ್ಬರ ಕೋಣೆ ಇನ್ನೊಬ್ಬರಿಗೆ ಕಾಣಬಾರದು. ತಿಂಗಳ ಕೊನೆಯೊಳಗೆ ಆಗದಿದ್ದರೆ ಕೆಲಸ ಬೇರೆ ಲ್ಯಾಬಿಗೆ ಹೋಗುತ್ತದೆ.

ಕಪಾಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಡಬ್ಬಿಗಳು ಆ ಕ್ಲಿನಿಕ್ಕಿನವು. ಅವು ಹೋದರೆ ಒಲೆ ವಾರಕ್ಕೆ ಎರಡು ದಿನ ಹೊತ್ತಿಸಿದರೆ ಹೆಚ್ಚು. ಮೇಣದ ಮೇಜಿಗೆ ಕೆಲಸವೇ ಇರುವುದಿಲ್ಲ.

“ಹಲ್ಲಿಗೆ ಇಷ್ಟೊಂದು ಬಂದೋಬಸ್ತಾ?” ಮೈದುನ ಮೂಗು ಮುರಿದ. “ಬ್ಯಾಂಕಿನ ಲಾಕರಿಗೂ ಇರಲ್ಲ.”

“ಬಾಯಲ್ಲಿರೋ ಹಲ್ಲು ಊರಿಗೆಲ್ಲ ಕಾಣುತ್ತೆ. ಡಬ್ಬಿಯಲ್ಲಿರೋದು ಕಾಣಬಾರದು ಕಣೋ,” ಅಂದರು ಮಾವ. “ತಿಂದ ಕೈ ತೊಳೆದು ಫೋನು ಮುಟ್ಟಿದ್ರೆ ಇದ್ಯಾವುದೂ ಬರ್ತಿರಲಿಲ್ಲ.”

“ಆಯ್ತಪ್ಪ, ತಪ್ಪು ನನ್ನದೇ. ದಿನಾ ಒಂದ್ಸಲ ಹೇಳಿ. ಆ ದೊಡ್ಡ ಲ್ಯಾಬಿನವರು ನನ್ನ ಕರೀತಾನೇ ಇದ್ದಾರೆ. ಹೋಗಿಬಿಡ್ತೀನಿ, ಆಗ ನಿಮಗೂ ನೆಮ್ಮದಿ.”

ಕರೆಯುತ್ತಿದ್ದುದು ನಿಜ. ಅದು ಮಾವನಿಗೂ ಗೊತ್ತಿತ್ತು, ಅತ್ತಿಗೆಗೂ ಗೊತ್ತಿತ್ತು.

“ನಾನು ಮಾಡ್ತೀನಿ,” ಎಂದಳು ಅತ್ತಿಗೆ, ಪ್ಯಾಕಿಂಗ್ ಟೇಪು ಕತ್ತರಿಸುತ್ತಾ.

“ಏನು ಮಾಡ್ತೀರಿ?”

“ಸರ್ವರು.”

ಮೈದುನ ಮೇಣದ ಚಾಕು ಕೆಳಗಿಟ್ಟ. “ಅತ್ತಿಗೆ, ಅದೇನು ಉಪ್ಪಿನಕಾಯಿ ಭರಣಿನಾ, ಹಾಕಿ ಮುಚ್ಚಿಡೋಕೆ?”

“ಭರಣಿ ಆಗಿದ್ರೆ ನಿನಗೇ ಹೇಳ್ತಿದ್ದೆ. ತಿನ್ನೋನು ನೀನೇ ತಾನೆ.”

ಬಿಲ್ಲಿನ ಕೆಲಸಕ್ಕೆ ಹೊಸ ಕಂಪ್ಯೂಟರು ಬಂದ ಮೇಲೆ ಹಳೆಯದು ಹಿಂದಿನ ಕೋಣೆಯಲ್ಲಿ ಪ್ಲಾಸ್ಟರ್ ಚೀಲದ ಮೇಲೆ ಕೂತಿತ್ತು. ಅವಳು ಅದರ ಹೊಟ್ಟೆ ಬಿಚ್ಚಿ, ಹಲ್ಲು ಉಜ್ಜುವ ಬ್ರಷ್ಷಿನಿಂದಲೇ ಧೂಳು ತೆಗೆದು, ಅದಕ್ಕೆ ಸರ್ವರು ಓಡಿಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿದಳು. ಎರಡು ಸಲ ಅರ್ಧಕ್ಕೆ ನಿಂತಿತು. ಮೂರನೇ ಸಲ ಕಪ್ಪು ಪರದೆಯ ಮೇಲೆ ಒಂದು ಸಣ್ಣ ಗೆರೆ ಮಿಟುಕಿಸುತ್ತಾ, ಏನು ಹೇಳುತ್ತೀಯೋ ಹೇಳು ಎನ್ನುವಂತೆ ಕಾದು ಕೂತಿತು.

ಹೇಳುವುದು ಏನೆಂದು ಅವಳು ಕೈಪಿಡಿ ನೋಡಿ ಕಲಿತಳು. ಅರ್ಥವಾಗದ್ದನ್ನು ಕ್ಲಿನಿಕ್ಕಿನ ಮೇಡಂಗೆ ಫೋನು ಮಾಡಿ ಕೇಳಿದಳು. ಮೇಡಂ ಮಾತಿನಲ್ಲಿ ಬಿಗಿ, ಆದರೆ ಕೇಳಿದ್ದಕ್ಕೆ ಹೇಳದೆ ಇರುವವರಲ್ಲ.

“ಪಾಸ್‌ವರ್ಡ್ ಏನು ಇಡಲಿ ಮೇಡಂ?”

“ಪಾಸ್‌ವರ್ಡ್ ಬೇಡ. ನಾನು ನಿಮಗೊಂದು ಬೀಗ ಕಳಿಸ್ತೀನಿ, ಅದನ್ನ ನಮ್ಮ ಹೆಸರಿನ ಬಾಗಿಲಿಗೆ ಹಾಕಿ.”

“ಕೀಲಿ?”

“ಕೀಲಿ ನನ್ನ ಹತ್ತಿರಾನೇ ಇರುತ್ತೆ. ಅದು ಈ ಕಟ್ಟಡ ಬಿಟ್ಟು ಹೊರಗೆ ಬರಲ್ಲ. ನೀವು ಕೇಳಿದ್ರೂ ಕೊಡಲ್ಲ.”

ಬೀಗ ಎಂದು ಬಂದದ್ದು ಒಂದೇ ಸಾಲಿನ ಉದ್ದನೆಯ ಅಕ್ಷರರಾಶಿ. ತಲೆಯಿಲ್ಲ, ಬಾಲವಿಲ್ಲ. ಅವಳು ಅದನ್ನು ಹೇಳಿದ ಜಾಗದಲ್ಲಿ ಅಂಟಿಸಿದಳು. ಬೀಗ ಇನ್ನೊಬ್ಬರು ಕಳಿಸಿ, ಕೀಲಿ ತಮ್ಮಲ್ಲೇ ಇಟ್ಟುಕೊಳ್ಳುವ ಈ ಏರ್ಪಾಡು ಅವಳಿಗೆ ಹಿಡಿಸಿತು. ಮಾವನಿಗೆ ವಿವರಿಸಿದಾಗ ಅವರು, “ಮರ್ಯಾದಸ್ಥರು,” ಅಂದರು.

ತೊಡಕಾದದ್ದು ಅಲ್ಲಿಂದ ಮುಂದೆ. ಒಬ್ಬೊಬ್ಬ ಡಾಕ್ಟರಿಗೂ ಒಂದೊಂದು ಫೋಲ್ಡರು ಮಾಡಿ, ಬಂದವರು ಅದರೊಳಗೇ ಇರಬೇಕು, ಹೊಸ್ತಿಲು ದಾಟಿ ಅಕ್ಕಪಕ್ಕ ಇಣುಕಬಾರದು ಎಂದು ಸರ್ವರಿಗೆ ಅಪ್ಪಣೆ ಕೊಡಬೇಕಿತ್ತು. ಪರೀಕ್ಷೆಗೆಂದು ತನ್ನ ಹೆಸರಿನಲ್ಲೂ ಒಂದು ಮಾಡಿಕೊಂಡಳು. ಮಾವನ ಮಾತು ರಕ್ತದಲ್ಲಿ ಇಳಿದಿತ್ತಲ್ಲ, ಹಲ್ಲು ಅವರದು ಅಂದ ಮೇಲೆ ಫೋಲ್ಡರೂ ಅವರದೇ ಎಂದು, ಪ್ರತಿಯೊಂದರ ಒಡೆತನವನ್ನೂ ಆಯಾ ಡಾಕ್ಟರ ಹೆಸರಿಗೇ ಬರೆದುಕೊಟ್ಟಳು. ಹೊಸ ಕಂಪ್ಯೂಟರಿನಿಂದ ಒಳಗೆ ಹೋಗಲು ನೋಡಿದಳು. ಸರ್ವರು ಬೀಗ ತೆರೆಯಿತು, ಗುರುತು ಹಿಡಿಯಿತು, ಮರುಗಳಿಗೆಯಲ್ಲೇ ಕತ್ತು ಹಿಡಿದು ಹೊರಗೆ ನೂಕಿತು.

ಯಂತ್ರ ತನ್ನ ದಿನಚರಿಯಲ್ಲಿ ಕಾರಣ ಬರೆದಿತ್ತು. ಫೋಲ್ಡರಿನ ಒಡೆತನ ಸರಿಯಿಲ್ಲ. ಅವಳು ಅದನ್ನು ತನ್ನ ಅಭ್ಯಾಸದ ಪ್ರಕಾರ ಓದಿಕೊಂಡಳು. ಕೊಟ್ಟದ್ದು ಸಾಲದು ಅಂತ ಇರಬೇಕು. ಇನ್ನಷ್ಟು ಕೊಟ್ಟಳು. ಮೇಲಿನ ಫೋಲ್ಡರನ್ನೂ ಕೊಟ್ಟಳು, ಅದರ ಮೇಲಿನದನ್ನೂ ಎಲ್ಲರಿಗೂ ತೆರೆದಿಟ್ಟಳು. ಸರ್ವರು ಜಪ್ಪಯ್ಯ ಅಂದರೂ ಒಳಗೆ ಬಿಡಲಿಲ್ಲ. ಅನ್ನ ಬೇಯಿಸುವಾಗಲೂ ಅವಳ ತಲೆಯಲ್ಲಿ ಅದೇ ಸಾಲು ಕುದಿಯುತ್ತಿತ್ತು. ತಿಂಗಳು ಮುಗಿಯುತ್ತಾ ಬಂದಿತ್ತು. ಮೈದುನ ಏನೂ ಕೇಳುತ್ತಿರಲಿಲ್ಲ. ಕೇಳದಿರುವುದೇ ಅವಳಿಗೆ ಹೆಚ್ಚು ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಡಬ್ಬಿ ಒಯ್ಯಲು ಹೊಸಬನೊಬ್ಬ ಬಂದ. ಅವಸರದವನು. ತಮ್ಮ ಡಾಕ್ಟರ ಹೆಸರು ಬರೆದ ಡ್ರಾಯರನ್ನೇ ಕಪಾಟಿನಿಂದ ಪೂರಾ ಎಳೆದು, ಡಬ್ಬಿಗಳ ಸಮೇತ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲವರೆಗೂ ಹೋದ.

“ಏಯ್, ನಿಲ್ಲಪ್ಪ ನಿಲ್ಲು!” ಮಾವ ಪ್ಲಾಸ್ಟರ್ ಕೈಯಲ್ಲೇ ಓಡಿಬಂದರು. “ಎಲ್ಲಿಗೆ ನನ್ನ ಕಪಾಟು ಹೊತ್ಕೊಂಡು ಹೊರಟೆ?”

“ಡಾಕ್ಟರ ಹೆಸರು ಬರೆದಿದ್ಯಲ್ಲ ಸಾರ್, ನಮ್ಮದೇ ಅಲ್ವಾ?”

“ಹೆಸರು ಬರೆದಿದ್ರೆ ನಿಮ್ಮದಾಗುತ್ತಾ? ಬಸ್ಸಿನ ಸೀಟಿಗೂ ನಂಬರ್ ಇರುತ್ತೆ, ಕಿತ್ಕೊಂಡು ಇಳೀತೀಯಾ? ಒಳಗಿನ ಡಬ್ಬಿ ನಿಮ್ಮದು. ಡ್ರಾಯರು ನನ್ನದು. ಡಬ್ಬಿ ತಗೋ, ಡ್ರಾಯರು ಇಡು.”

ಅವನು ತಲೆ ಕೆರೆದುಕೊಂಡು ಡಬ್ಬಿಗಳನ್ನು ಚೀಲಕ್ಕೆ ಸುರಿದುಕೊಂಡ. ಮಾವ ಗೊಣಗುತ್ತಾ ಡ್ರಾಯರನ್ನು ಅದರ ಗೂಡಿಗೆ ತಳ್ಳಿದರು. ಅತ್ತಿಗೆ ಟೇಪು ಹಿಡಿದ ಕೈ ಹಾಗೆಯೇ ನಿಲ್ಲಿಸಿ ಆ ಗೂಡನ್ನೇ ನೋಡುತ್ತಾ ನಿಂತಳು. ಆಮೇಲೆ ಹಿಂದಿನ ಕೋಣೆಗೆ ಹೋಗಿ ಹಳೆಯ ಕಂಪ್ಯೂಟರಿನ ಮುಂದೆ ಕೂತಳು. ಕೊಟ್ಟದ್ದನ್ನೆಲ್ಲ ಒಂದೊಂದಾಗಿ ವಾಪಸು ತೆಗೆದುಕೊಂಡಳು. ಹೊರಗಿನ ಫೋಲ್ಡರುಗಳೆಲ್ಲ ಯಂತ್ರದ ಯಜಮಾನನ, ಅಂದರೆ ಲ್ಯಾಬಿನ, ಹೆಸರಿಗೆ, ಬೇರೆ ಯಾರೂ ಅಲ್ಲಿ ಬರೆಯುವಂತಿಲ್ಲ. ಪ್ರತಿಯೊಂದರ ಒಳಗೆ ಇನ್ನೊಂದು ಸಣ್ಣ ಫೋಲ್ಡರು, ಅದು ಮಾತ್ರ ಡಾಕ್ಟರದು. ಸರ್ವರು ಈ ಸಲ ಅವಳನ್ನು ಒಳಗೆ ಬಿಟ್ಟು ಸುಮ್ಮನಾಯಿತು.

ಕೈಪಿಡಿಯಲ್ಲಿ ಈ ಮಾತು ಮೊದಲಿನಿಂದಲೂ ಇತ್ತು. ಅವಳು ಅದರ ಮೇಲೆ ಕಣ್ಣಾಡಿಸಿಯೂ ಇದ್ದಳು.

ಮರುದಿನ ಕ್ಲಿನಿಕ್ಕಿನ ಮೇಡಂ ತಮ್ಮ ಕಂಪ್ಯೂಟರಿನಿಂದಲೇ ಸರ್ವರಿನ ಒಳಗೆ ಬಂದು ನೋಡಿದರು. ಪಕ್ಕದ ಫೋಲ್ಡರಿಗೆ ಇಣುಕಲು ನೋಡಿದರು, ಕಾಣಲಿಲ್ಲ. ಮೇಲಕ್ಕೆ ಹತ್ತಲು ನೋಡಿದರು, ಮೆಟ್ಟಿಲಿರಲಿಲ್ಲ. “ಚೆನ್ನಾಗಿದೆ,” ಅಂದರು ಫೋನಿನಲ್ಲಿ. “ಶುಕ್ರವಾರ ಸಂಜೆ ಕೊನೆ ಪೇಷೆಂಟು ಹೋದ ಮೇಲೆ ನಾಲ್ಕೂ ಶಾಖೆಯಿಂದ ನಿಜವಾದ ಕೆಲಸ ಕಳಿಸ್ತೀವಿ. ಶನಿವಾರ ಬೆಳಿಗ್ಗೆ ನೋಡಿ ಫೋನ್ ಮಾಡಿ.”

ಆ ಶುಕ್ರವಾರ ಅತ್ತಿಗೆ ದಿನದಂತೆ ಐದಕ್ಕೆಲ್ಲ ಮನೆಗೆ ಹೊರಟಳು. ಮೈದುನ ಅವಳ ಹಿಂದೆಯೇ ಹೋದ. ಬಾಗಿಲು ಹಾಕುವುದು ಯಾವತ್ತೂ ಮಾವನ ಕೆಲಸ.

ಶನಿವಾರ ಬೆಳಿಗ್ಗೆ ಅವಳು ಚಪ್ಪಲಿ ಬಿಡುವ ಮೊದಲೇ ಫೋನು ಹೊಡೆದುಕೊಂಡಿತು.

“ಏನ್ರೀ ಇದು,” ಎಂದರು ಮೇಡಂ. “ನಾಲ್ಕು ಶಾಖೆಯವರೂ ರಾತ್ರಿ ಊಟದ ಹೊತ್ತಿನವರೆಗೂ ಬಾಗಿಲು ಬಡಿದಿದ್ದಾರೆ. ನಿಮ್ಮ ಕಡೆಯಿಂದ ಉಸಿರೇ ಇಲ್ಲ.”

ಅತ್ತಿಗೆ ಹಿಂದಿನ ಕೋಣೆಗೆ ಓಡಿದಳು. ಮಾವ ಆಗಷ್ಟೇ ಮೇನ್ ಸ್ವಿಚ್ಚು ಮೇಲೆತ್ತಿದ್ದರು. ಹಳೆಯ ಕಂಪ್ಯೂಟರು ನಿದ್ದೆಯಿಂದ ಎದ್ದಂತೆ ಗುರ್ ಎಂದು ಸದ್ದು ಮಾಡಿ, ಒಂದೊಂದೇ ಸಾಲು ಬರೆಯಲು ಶುರುಮಾಡಿತ್ತು.

ಅವಳು ಮದುವೆಯಾಗಿ ಬರುವುದಕ್ಕೂ ಮೊದಲು ಒಂದು ಸಂಜೆ, ಆರಿಸಲು ಮರೆತ ಮೇಣದ ಪಾತ್ರೆಯಿಂದ ಲ್ಯಾಬಿಗೆ ಬೆಂಕಿ ಬಿದ್ದಿತ್ತು. ಒಂದು ಮೇಜು, ಒಂದು ಬಾಗಿಲು, ಮಾವನ ಬಲ ಮುಂಗೈ ಮೇಲಿನ ಚರ್ಮ, ಇಷ್ಟು ಹೋಯಿತು. ಅಂದಿನಿಂದ ಮಾವ ಪ್ರತಿ ಸಂಜೆ ಒಂದೇ ಕ್ರಮದಲ್ಲಿ ಲ್ಯಾಬು ಮುಚ್ಚುತ್ತಾರೆ. ಒಲೆ, ಮೇಣದ ಪಾತ್ರೆ, ಉಜ್ಜುವ ಮೋಟರು, ಫ್ಯಾನು, ದೀಪ. ಒಂದೊಂದನ್ನೂ ಆರಿಸಿ, ಅಂಗೈ ಮಗುಚಿ ಬೆರಳ ಹಿಂಭಾಗದಿಂದ ಮುಟ್ಟಿ, ತಣ್ಣಗಿದೆಯೇ ಎಂದು ನೋಡಿ, ಕೊನೆಗೆ ಮೇನ್ ಕೆಳಗೆಳೆದು ಬೀಗ ಹಾಕುತ್ತಾರೆ. ಕೆಲಸ ಹೆಚ್ಚಿದ್ದು ಉಳಿದ ಸಂಜೆಗಳಲ್ಲಿ ಕೇಳಿದ, ಮೇನ್ ಬೀಳುವ ಟಪ್ ಎಂಬ ಸದ್ದು ಅತ್ತಿಗೆಯ ಕಿವಿಗೆ ಎಷ್ಟು ಹಳೆಯದೆಂದರೆ, ಅವಳ ಲೆಕ್ಕದಲ್ಲಿ ಅದು ಸದ್ದೇ ಆಗಿರಲಿಲ್ಲ. ಬೀಗ, ಕೀಲಿ, ಹೊಸ್ತಿಲು, ಒಡೆತನ ಎಲ್ಲ ಯೋಚಿಸಿದ್ದಳು. ಸರ್ವರು ಪರೀಕ್ಷೆಯಾದದ್ದೆಲ್ಲ ಹಗಲಿನಲ್ಲೇ ಎಂಬುದನ್ನು ಯೋಚಿಸಿರಲಿಲ್ಲ.

“ಅಪ್ಪಾ!” ಮೈದುನ ತಲೆ ಮೇಲೆ ಕೈ ಹೊತ್ತುಕೊಂಡ. “ಅತ್ತಿಗೆ ತಿಂಗಳಿಡೀ ಕಷ್ಟಪಟ್ಟಿದ್ದನ್ನ ಒಂದು ಬೆರಳಲ್ಲಿ ಮುಗಿಸಿಬಿಟ್ರಲ್ಲ!”

“ಬೆರಳಿನ ಮಾತು ನೀನು ಆಡಬೇಡ,” ಅಂದರು ಮಾವ. ಆದರೆ ದನಿಯಲ್ಲಿ ಖಾರವಿರಲಿಲ್ಲ.

ಅತ್ತಿಗೆ ಫೋನಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ಸೋಮವಾರ ಸಂಜೆ ಇನ್ನೊಂದು ಸಲ ಕಳಿಸ್ತೀವಿ,” ಅಂದರು ಮೇಡಂ. “ಅವತ್ತೂ ಹೀಗಾದರೆ ನಾನು ಮೇಲಿನವರಿಗೆ ಏನೂ ಹೇಳೋಕೆ ಬರಲ್ಲ. ಇನ್ನೊಂದು ಲ್ಯಾಬಿನ ಕಾಗದ ಅವರ ಮೇಜಿನ ಮೇಲೇ ಇದೆ.”

ಮಾವನನ್ನು ಒಪ್ಪಿಸುವ ಕೆಲಸ ಮೈದುನನ ಕೈಯಲ್ಲಿ ಆಗುವಂಥದ್ದಲ್ಲ. ಅವನು ಬಾಯಿ ತೆರೆದರೆ ಅಪ್ಪನ ಹಟ ಇನ್ನೊಂದು ಗಂಟು ಬಿಗಿಯುತ್ತಿತ್ತು. ಅತ್ತಿಗೆ ಮಧ್ಯಾಹ್ನ ಊಟವಾದ ಮೇಲೆ ಮಾವನ ಸ್ಟೂಲಿನ ಪಕ್ಕ ನಿಂತಳು.

“ಮೇನ್ ಆರಿಸಬೇಡಿ ಅಂತ ನಾನು ಹೇಳಲ್ಲ ಮಾವ.”

“ಹೇಳಿದ್ರೂ ನನ್ನ ಕೈಲಿ ಆಗಲ್ಲಮ್ಮ. ಆರಿಸದೆ ಹೋದ್ರೆ ಕಣ್ಣು ಮುಚ್ಚೋಕಾಗಲ್ಲ.”

“ಗೊತ್ತು. ಅದೊಂದಕ್ಕೆ ಮಾತ್ರ ಬೇರೆ ಲೈನು ಎಳೆಸೋಣ. ಮೇನ್ ಆರಿಸಿದ್ರೂ ಅದು ಓಡ್ತಿರುತ್ತೆ. ಎಲ್ಲಿಡಬೇಕು ಅಂತ ನೀವೇ ಹೇಳಿ. ಬೆಂಕಿ ಹೇಗೆ ಹತ್ತುತ್ತೆ ಅಂತ ನಿಮಗೆ ಗೊತ್ತಿರೋ ಹಾಗೆ ನಮಗ್ಯಾರಿಗೂ ಗೊತ್ತಿಲ್ಲ.”

ಮಾವ ಮುಂಗೈ ಸವರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಮುಂದಿನ ಕೋಣೆಗೆ ಬಂದು ಗೋಡೆ ತಟ್ಟುತ್ತಾ ಓಡಾಡಿದರು.

ಭಾನುವಾರ ವೈರಿಂಗ್ ಕೆಲಸದವನು ಬಂದ. ಮಾವ ಅವನ ಏಣಿಯ ಬುಡ ಬಿಟ್ಟು ಕದಲಲಿಲ್ಲ. ಮರದ ಕಪಾಟಿನ ಹತ್ತಿರ ಬೇಡ, ಕಿಟಕಿಯ ಪರದೆಯ ಹತ್ತಿರ ಬೇಡ, ಮೇಣದ ವಾಸನೆ ಬರುವ ಕಡೆಯಂತೂ ಬೇಡವೇ ಬೇಡ. ಕೊನೆಗೆ ಬಾಗಿಲ ಪಕ್ಕದ ಬೋಳು ಸಿಮೆಂಟ್ ಗೋಡೆಗೆ ಕಬ್ಬಿಣದ ಪಟ್ಟಿ ಹೊಡೆಸಿ, ಅದರ ಮೇಲೆ ಕಲ್ಲಿನ ಹಲಗೆ ಇಡಿಸಿ, ಕಂಪ್ಯೂಟರನ್ನೂ ಬ್ಯಾಟರಿ ಪೆಟ್ಟಿಗೆಯನ್ನೂ ಇಂಟರ್ನೆಟ್ಟಿನ ಡಬ್ಬಿಯನ್ನೂ ಕೂರಿಸಿದರು.

“ಯಜಮಾನ್ರೇ, ಇದು ಕಂಪ್ಯೂಟರಾ, ಸಿಡಿಮದ್ದಾ?” ಎಂದ ವೈರಿಂಗಿನವನು.

“ನೀನು ವೈರು ಸರಿಯಾಗಿ ಬಿಗಿ. ಯಾವುದು ಅಂತ ಆಮೇಲೆ ಗೊತ್ತಾಗುತ್ತೆ.”

ಸೋಮವಾರ ಸಂಜೆ ಅತ್ತಿಗೆ ಬೇಗ ಹೋಗಲಿಲ್ಲ. ಮಾವ ಒಲೆ ಆರಿಸಿದರು, ಮುಟ್ಟಿದರು. ಮೇಣದ ಪಾತ್ರೆ, ಮೋಟರು, ಫ್ಯಾನು, ದೀಪ. ಟಪ್ ಎಂದು ಮೇನ್ ಬಿತ್ತು. ಕೋಣೆ ಮಬ್ಬಾಯಿತು. ಬಾಗಿಲ ಪಕ್ಕದ ಹಲಗೆಯ ಮೇಲೆ ಒಂದು ಹಸಿರು ಚುಕ್ಕಿ ಮಾತ್ರ ಉಳಿಯಿತು. ಅಷ್ಟು ವರ್ಷಗಳಲ್ಲಿ ಮೇನ್ ಬಿದ್ದ ಮೇಲೂ ಆ ಲ್ಯಾಬಿನಲ್ಲಿ ಎಚ್ಚರವಿದ್ದ ಮೊದಲ ವಸ್ತು ಅದು. ಮಾವ ಕೀಲಿ ಹಿಡಿದು ಅದನ್ನು ನೋಡುತ್ತಾ ನಿಂತರು. ಆಮೇಲೆ ಬೀಗ ಹಾಕಿದರು.

ಬೀದಿಯ ತಿರುವಿನವರೆಗೆ ಇಬ್ಬರೂ ಒಟ್ಟಿಗೆ ನಡೆದರು. ಅಲ್ಲಿ ಮಾವ ನಿಂತರು.

“ನೀನು ನಡೀತಿರಮ್ಮ. ನಾನು ಒಂದು ಸಲ ನೋಡಿ ಬರ್ತೀನಿ.”

ಅವಳಿಗೆ ಹಿಂದೆ ಹೋಗಬೇಕೆನ್ನಿಸಿತು. ಹೋದರೆ ಅವರನ್ನು ನಂಬಲಿಲ್ಲವೆಂದಾಗುತ್ತದೆ. ಹೋಗದಿದ್ದರೆ ಅವರು ಅದನ್ನೂ ಆರಿಸಿಬಿಟ್ಟರೋ ಇಲ್ಲವೋ ಬೆಳಗಿನವರೆಗೂ ಗೊತ್ತಾಗುವುದಿಲ್ಲ. ಅವಳು ತಿರುವಿನಲ್ಲಿ, ಮುಚ್ಚಿದ ಅಂಗಡಿಯ ಮೆಟ್ಟಿಲಿನ ಹತ್ತಿರ ನಿಂತಳು. ಮಾವ ಬಾಗಿಲು ತೆರೆದು ಒಳಗೆ ಹೋದದ್ದು ಕಂಡಿತು. ಬರುವುದು ತಡವಾಯಿತು. ಅವರು ಬಂದ ಮೇಲೆ ಅವಳು ಏನೂ ಕೇಳದೆ ಜೊತೆಗೆ ಹೆಜ್ಜೆ ಹಾಕಿದಳು. ಮನೆಯಲ್ಲಿ ಗಂಡ ‘ಏನಾಯಿತು?’ ಎಂದದ್ದಕ್ಕೆ, “ನಾಳೆ ಬೆಳಿಗ್ಗೆ ಕೇಳಿ,” ಅಂದಳು.

ಮಂಗಳವಾರ ಮೂವರೂ ಒಟ್ಟಿಗೆ ಬಂದರು. ಬೀಗ ತೆಗೆದ ಮಾವ ಮೇನ್ ಸ್ವಿಚ್ಚಿನ ಕಡೆ ಹೋಗುವ ಬದಲು ನೇರ ಹಲಗೆಯ ಹತ್ತಿರ ಹೋಗಿ, ಅಂಗೈ ಮಗುಚಿ ಪೆಟ್ಟಿಗೆಯ ಮೈ ಮುಟ್ಟಿದರು.

“ಬೆಚ್ಚಗಿದೆ,” ಅಂದರು.

ಅತ್ತಿಗೆ ಹೊಸ ಕಂಪ್ಯೂಟರು ತೆರೆದು ಕ್ಲಿನಿಕ್ಕಿನ ಫೋಲ್ಡರಿನೊಳಗೆ ನೋಡಿದಳು. ಮೇಲ್ದವಡೆಗಳು, ಕೆಳದವಡೆಗಳು, ಕಚ್ಚಿ ಹಿಡಿದ ಹಲ್ಲುಗಳ ಅಳತೆ, ಫೋಟೋಗಳು, ಒಂದರ ಕೆಳಗೊಂದು. ಎಲ್ಲ ಹಿಂದಿನ ಸಂಜೆಯೇ ಬಂದು ಕೂತಿದ್ದವು. ಮೈದುನ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ.

“ಈ ಕೆಳಗಿನದು ಕಷ್ಟದ ಕೇಸು. ಮೂರು ಹಲ್ಲು ಒಟ್ಟಿಗೆ,” ಅಂದ. ಮೇಣದ ಮೇಜಿಗೆ ಹೋಗಿ ಸ್ಟೂಲು ಎಳೆದುಕೊಂಡ. ದೊಡ್ಡ ಲ್ಯಾಬಿನವರ ಮಾತು ಆಮೇಲೆ ಅವನ ಬಾಯಲ್ಲಿ ಬರಲಿಲ್ಲ. ಅವರು ಈಗಲೂ ಕರೆಯುತ್ತಾರೋ ಇಲ್ಲವೋ ಮನೆಯಲ್ಲಿ ಯಾರೂ ಕೇಳಿಲ್ಲ.

ಮಾವನ ಸಂಜೆಯ ಕ್ರಮ ಹಾಗೆಯೇ ಇದೆ, ಕೊನೆಗೆ ಒಂದು ಸೇರಿಕೊಂಡಿದೆ. ಒಲೆ, ಪಾತ್ರೆ, ಮೋಟರು ತಣ್ಣಗಿರಬೇಕು. ಹಲಗೆ ಮೇಲಿನದು ಮಾತ್ರ ಬೆಚ್ಚಗಿರಬೇಕು. ಮೊನ್ನೆ ಬೀದಿಗೇ ಕರೆಂಟು ಹೋಗಿ ಬ್ಯಾಟರಿಯೂ ಮುಗಿದಿದ್ದ ಬೆಳಿಗ್ಗೆ, ಅತ್ತಿಗೆ ಮನೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಾಗ ಲ್ಯಾಬಿನಿಂದ ಮಾವನ ಫೋನು ಬಂತು.

“ಅಮ್ಮಾ, ಬೇಗ ಬಾ. ನಿನ್ನ ಪೆಟ್ಟಿಗೆ ತಣ್ಣಗಾಗಿದೆ!”

ಅವಳು ಬಾಚಣಿಗೆಯನ್ನು ಕೂದಲಲ್ಲೇ ಸಿಕ್ಕಿಸಿಕೊಂಡು ಹೊರಟಳು.